ಸಂಜೆ ನಾಲ್ಕೂವರೆಯ ಲೆಕ್ಕ

ಕಲಬುರಗಿಯಿಂದ ಅಫಜಲಪುರ ರಸ್ತೆ ಹಿಡಿದರೆ ಮೇ ತಿಂಗಳಲ್ಲಿ ಎರಡೂ ಬದಿಗೆ ಬಾಯಿಬಿಟ್ಟ ಎರೆಹೊಲಗಳೇ. ಅಂಥದೊಂದು ಹೊಲದ ಬದುವಿನಲ್ಲಿ 14 ಅಡಿ ಉದ್ದದ ಕ್ಯಾರವಾನ್ ಟ್ರೇಲರ್ ನಿಲ್ಲಿಸಿ, ಕರೆಂಟಿನ ತಂತಿಯಾಗಲಿ ಜನರೇಟರ್ ಆಗಲಿ ಇಲ್ಲದೆ, ಬರೀ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ನಂಬಿ ಎರಡು ಹಗಲು, ಎರಡು ರಾತ್ರಿ ಎಸಿ ಓಡಿಸಿ ನೋಡಿದೆವು. ಮಧ್ಯಾಹ್ನ ಮೂರಕ್ಕೆ ಹೊರಗೆ 43 ಡಿಗ್ರಿ.

“ಬೇವಿನ ಗಿಡದ ಕೆಳಗ ನಿಲ್ಲಸ್ರಿ, ಬಿಸಲಾಗ ಯಾಕ ಸುಡ್ತೀರಿ?” ಎಂದರು ಹೊಲದವರು. ಮಲಗುವವರಿಗೆ ಅದು ಸರಿಯಾದ ಮಾತು, ಪ್ಯಾನೆಲ್‌ಗೆ ಅಲ್ಲ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳ ಮೇಲೆ ಒಂದು ಟೊಂಗೆಯ ನೆರಳು ಬಿದ್ದರೂ ಸಾಕು, ನೆರಳು ಎಷ್ಟು ಜಾಗಕ್ಕೆ ಬಿದ್ದಿದೆಯೋ ಅದಕ್ಕಿಂತ ಎಷ್ಟೋ ಹೆಚ್ಚು ಉತ್ಪಾದನೆ ಕುಸಿಯುತ್ತದೆ. ಹಾಗಾಗಿ ಟ್ರೇಲರ್ ಬಿಸಿಲಲ್ಲೇ ನಿಂತಿತು.

ಜೋಡಣೆ ಹೀಗಿತ್ತು: 0.8 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ. ತಲಾ 51.2 ವೋಲ್ಟ್, 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಎರಡೂ ಸೇರಿ ಸುಮಾರು 10 ಯೂನಿಟ್. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ 3 ಕೆವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್. ಛಾವಣಿ ಮೇಲೆ ಅಡ್ಡಡ್ಡ 400 ವ್ಯಾಟ್‌ನ ಮೂರು ಪ್ಯಾನೆಲ್. ನಾಲ್ಕನೆಯದಕ್ಕೆ ಛಾವಣಿಯಲ್ಲಿ ಜಾಗ ಸಾಲದು, ಅದಕ್ಕೇ ಕಬ್ಬಿಣದ ಆಂಗಲ್ ಚೌಕಟ್ಟಿನಲ್ಲಿ ಇನ್ನೆರಡನ್ನು ನೆಲದ ಮೇಲೆ ಇಟ್ಟೆವು. ನೆಲದವಕ್ಕೆ ಬೇರೆಯೇ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಶಕ್ತಿ ಎಳೆದು ಬ್ಯಾಟರಿಗೆ ತುಂಬುವ ಸಾಧನ).

ರೂಢಿಯಲ್ಲಿ 48 ವೋಲ್ಟ್ ಎನ್ನುವ ಈ ಬ್ಯಾಟರಿಯೇ ಯಾಕೆ ಎಂದು ಅನೇಕರು ಕೇಳುತ್ತಾರೆ. 900 ವ್ಯಾಟ್ ಎಳೆಯುವ ಎಸಿಗೆ 12 ವೋಲ್ಟ್ ಬ್ಯಾಟರಿಯಿಂದ 80 ಆಂಪಿಯರ್ ಹರಿಯಬೇಕು. 48ರಲ್ಲಿ 20 ಸಾಕು. ತಂತಿ, ಲಗ್, ಫ್ಯೂಸ್ ಎಲ್ಲ ತಣ್ಣಗಿರುತ್ತವೆ. ಆದರೂ ಬ್ಯಾಟರಿಯಿಂದ ಇನ್ವರ್ಟರ್‌ಗೆ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿ, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಡಿಸಿ ಫ್ಯೂಸ್ ಕೂರಿಸಿದ್ದೆವು. ಹಳೆಯ ಬಗೆಯ, ಒಂದೇ ವೇಗದ ಎಸಿ ತರಲೇಬೇಡಿ. ಅದರ ಕಂಪ್ರೆಸರ್ ಶುರುವಾಗುವಾಗ ಓಟದ ಕರೆಂಟಿನ ಐದಾರು ಪಟ್ಟು ಎಳೆದು ಸಣ್ಣ ಇನ್ವರ್ಟರನ್ನು ಕೂಡಲೇ ಟ್ರಿಪ್ ಮಾಡುತ್ತದೆ. ಇನ್ವರ್ಟರ್ ಎಸಿ ಮೆಲ್ಲಗೆ ವೇಗ ಹಿಡಿಯುತ್ತದೆ, ಕೋಣೆ ತಣ್ಣಗಾದ ಮೇಲೆ 250 ವ್ಯಾಟ್‌ಗೆ ಇಳಿಯುತ್ತದೆ.

ಮೊದಲ ದಿನ ಬ್ಯಾಟರಿ ಶೇ. 70 ಇದ್ದಾಗ ಹತ್ತು ಗಂಟೆಗೆ ಎಸಿ ಹಾಕಿದೆವು. ಹನ್ನೊಂದೂವರೆಗೆ ನೆಲದ ಕಂಟ್ರೋಲರ್ ಸೊನ್ನೆ ತೋರಿಸಿತು. ಕನೆಕ್ಟರ್ ಬಿಚ್ಚಿ ಹಾಕಿದೆವು, ಫ್ಯೂಸ್ ನೋಡಿದೆವು, ಎಲ್ಲ ಸರಿ. ಮೂರೂವರೆ ದಾಟಿದ ಮೇಲೆ ಅದೇ ಮತ್ತೆ ಚಾರ್ಜ್ ಮಾಡತೊಡಗಿತು. ಕೆಟ್ಟಿದ್ದು ಯಾವ ಭಾಗವೂ ಅಲ್ಲ, ನಮ್ಮ ಲೆಕ್ಕ. ಈ ಪ್ಯಾನೆಲ್ ದುಡಿಯುವಾಗ 25 ಡಿಗ್ರಿಯಲ್ಲಿ 31 ವೋಲ್ಟ್ ಕೊಡುತ್ತದೆ. ಎರಡು ಸರಣಿಯಲ್ಲಿ 62. ಆದರೆ ನಮ್ಮ ಬಿಸಿಲಲ್ಲಿ ಸೆಲ್ಲುಗಳು 70 ಡಿಗ್ರಿ ಮುಟ್ಟುತ್ತವೆ, ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇ. 0.28ರಷ್ಟು ಇಳಿಯುತ್ತದೆ. 62 ಹೋಗಿ 54 ಆಯಿತು. ಬ್ಯಾಟರಿಯೇ 53 ವೋಲ್ಟ್‌ನಲ್ಲಿ ನಿಂತಿರುವಾಗ, ಚಾರ್ಜ್ ಮಾಡಲು ಅದಕ್ಕಿಂತ ಐದು ವೋಲ್ಟ್ ಹೆಚ್ಚು ಬೇಡುವ ಕಂಟ್ರೋಲರ್ ಏನು ಮಾಡೀತು? ಬಿಸಿಲು ಜೋರಾದಾಗಲೇ ಚಾರ್ಜ್ ನಿಂತಿತ್ತು. ಥಂಡಿ ದಿನಗಳಲ್ಲಿ ಪರೀಕ್ಷೆ ಮಾಡಿದ್ದರೆ ಈ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ.

ನಾಲ್ಕೂವರೆಗೆ ಬ್ಯಾಟರಿ ಶೇ. 55. ಎಸಿ ಸೋಲುವುದು ನಡುಮಧ್ಯಾಹ್ನ ಅಲ್ಲ. ಆಗ ಪ್ಯಾನೆಲ್ ದುಡಿದು ಕೊಡುತ್ತಿರುತ್ತದೆ. ನಾಲ್ಕೂವರೆಯಿಂದ ಎಂಟೂವರೆಯ ನಡುವೆ ಸೋಲುತ್ತದೆ. ಸೂರ್ಯ ಇಳಿದಿರುತ್ತಾನೆ, ಹಗಲೆಲ್ಲ ಕಾದ ಗೋಡೆ ಒಳಕ್ಕೆ ಕಾವು ಬಿಡುತ್ತಿರುತ್ತದೆ, ಹೊರಗಿನ ಗಾಳಿಯೂ ಆರಿರುವುದಿಲ್ಲ. ಆ ನಾಲ್ಕು ತಾಸಿನಲ್ಲಿ ಎಸಿ ಸರಾಸರಿ 800 ವ್ಯಾಟ್ ಎಳೆಯಿತು. ರಾತ್ರಿ ಹನ್ನೊಂದಕ್ಕೆ ಶೇ. 10ರ ಗೆರೆ ಮುಟ್ಟಿ ಇನ್ವರ್ಟರ್ ಬಂದಾಯಿತು.

ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಊರಿಂದ ಅದೇ ಅಳತೆಯ ಇನ್ನೊಂದು ಪ್ಯಾನೆಲ್ ತಂದು ನೆಲದ ಸರಣಿಗೆ ಸೇರಿಸಿದೆವು. ಮೂರು ಸೇರಿ ಕಾದಾಗಲೂ 81 ವೋಲ್ಟ್. ಕಂಟ್ರೋಲರಿನ ಮಿತಿ 150. ಬೀದರಿನ ಚಳಿಗಾಲದ ನಸುಕಿನಲ್ಲೂ ತೆರೆದ ವೋಲ್ಟೇಜ್ (ಕರೆಂಟ್ ಎಳೆಯದೆ ಇರುವಾಗಿನದು) 115 ದಾಟದು, ಹಾಗಾಗಿ ಆ ಕಡೆ ಚಿಂತೆಯಿಲ್ಲ. 15 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರ್ ಸೋಲಾರ್ ಕೇಬಲ್ ಸಾಕು, ನಷ್ಟ ಶೇ. 2ರ ಆಸುಪಾಸು.

ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಟ್ರೇಲರಿನ ದಿಕ್ಕು ಮತ್ತು ನೆರಳು. ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮುಳುಗುವುದೂ ಪಶ್ಚಿಮದಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ. ದಕ್ಷಿಣದ ಗೋಡೆ ಕಾಯುತ್ತದೆ, ಉತ್ತರದ್ದು ತಂಪು ಎಂಬ ರೂಢಿಯ ಮಾತು ಈ ತಿಂಗಳುಗಳಲ್ಲಿ ತಿರುವುಮುರುವು. ಟ್ರೇಲರನ್ನು ಪೂರ್ವ-ಪಶ್ಚಿಮ ಉದ್ದಕ್ಕೆ ತಿರುಗಿಸಿ, ಗಿಡ್ಡ ಗೋಡೆ ಪಶ್ಚಿಮಕ್ಕೆ, ದೊಡ್ಡ ಕಿಟಕಿ ದಕ್ಷಿಣಕ್ಕೆ ಬರುವಂತೆ ಮಾಡಿದೆವು. ಪಶ್ಚಿಮಕ್ಕೂ ಉತ್ತರಕ್ಕೂ ನರ್ಸರಿಯವರು ಕಟ್ಟುವ ಹಸಿರು ನೆರಳು ಪರದೆ. ಪರದೆ ಗೋಡೆಗೆ ಅಂಟಬಾರದು. ಒಂದಡಿ ದೂರ ಇದ್ದರೆ ನಡುವೆ ಗಾಳಿ ಹಾಯ್ದು ಕಾವು ಮೇಲಕ್ಕೆ ಹೋಗುತ್ತದೆ. ಛಾವಣಿಯ ಪ್ಯಾನೆಲ್ ಕೆಳಗೂ ನಾಲ್ಕು ಇಂಚು ಸಂದು ಬೇಕು. ಎಸಿಯ ಹೊರಘಟಕವನ್ನು ಮಾತ್ರ ಪರದೆಯಿಂದ ಮುಚ್ಚಬೇಡಿ. ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಕರೆಂಟ್ ಏರುತ್ತದೆ, ತಂಪು ಇಳಿಯುತ್ತದೆ. ಹೊರಘಟಕಗಳ ತಂಪಿನ ಅಳತೆ ಬರೆಯುವುದೇ 35 ಡಿಗ್ರಿ ಹೊರತಾಪಕ್ಕೆ. ನಮ್ಮಲ್ಲಿ ಅದಕ್ಕೆ ಮೊದಲೇ ಉಸಿರು ಕಟ್ಟಿರುತ್ತದೆ.

ಛಾವಣಿಯವು ಮಟ್ಟವಾಗಿರುವುದರಿಂದ ಸೂರ್ಯ ನೆತ್ತಿಗೆ ಬರುವ 12:20ರ ಸುಮಾರಿಗೆ ಹೆಚ್ಚು ಕೊಡುತ್ತವೆ. ನೆಲದವನ್ನು ಎರಡು ಗಂಟೆಯ ನಂತರ ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿದೆವು. ನಾಲ್ಕೂವರೆ ಆದ ಮೇಲೂ ಅವುಗಳಿಂದ ಒಂದು ಯೂನಿಟ್ ಸಿಕ್ಕಿತು. ಅದು ಸಂಜೆಯ ಯೂನಿಟ್, ಹಾಗಾಗಿ ನಮಗೆ ತೂಕ ಜಾಸ್ತಿ. ಮಧ್ಯಾಹ್ನ ಎಸಿಯನ್ನು 24ಕ್ಕೆ ಇಳಿಸಿ ತಂಪು ಕೂಡಿಡಬಹುದೇ ಎಂದೂ ನೋಡಿದೆವು. ತೆಳು ಗೋಡೆಯ ಟ್ರೇಲರ್ ತಂಪನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಸಿಕ್ಕಿದ್ದು ಅರ್ಧ ತಾಸಿನ ಆರಾಮ ಅಷ್ಟೆ. 27ಕ್ಕೆ ಇಟ್ಟು ಜೊತೆಗೊಂದು ಡಿಸಿ ಫ್ಯಾನ್ ತಿರುಗಿಸುವುದೇ ಲಾಭ.

ಬ್ಯಾಟರಿ ಇರುವ ಪೆಟ್ಟಿಗೆ ಟ್ರೇಲರಿನ ಒಳಗೇ, ತಂಪಿರುವ ಕಡೆ ಇರಲಿ. ಹೊರಗಿನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರೆ ಒಳತಾಪ 55 ಮುಟ್ಟಿ, ಬ್ಯಾಟರಿಯನ್ನು ಕಾಯುವ ನಮ್ಮ ಬಿಎಂಎಸ್ ಸರ್ಕ್ಯೂಟ್ ಚಾರ್ಜ್ ಕಡಿಯುತ್ತದೆ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 45 ವ್ಯಾಟ್ ತಿನ್ನುತ್ತದೆ. ದಿನಕ್ಕೆ ಒಂದು ಯೂನಿಟ್. ಎಸಿ ಬೇಡದ ಹೊತ್ತಿನಲ್ಲಿ ಅದನ್ನೂ ಆರಿಸಿ. ಟ್ರೇಲರಿನ ಮೈ ಕಬ್ಬಿಣ, ಆದ್ದರಿಂದ ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು; ಅದು ಕೆಲಸ ಮಾಡಬೇಕಾದರೆ ಇನ್ವರ್ಟರ್ ಬಳಿ ನ್ಯೂಟ್ರಲ್ ಮತ್ತು ಅರ್ಥ್ ಒಂದು ಕಡೆ ಕೂಡಿರಬೇಕು. ಇದನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಣಗಿ ಬಿರಿದ ಎರೆಮಣ್ಣಿಗೆ ಅರ್ಥ್ ರಾಡ್ ಹೊಡೆದರೆ ಎರಡು ಕೊಡ ನೀರು ಸುರಿಯದೆ ಹಿಡಿತ ಸಿಗದು. ಟ್ರೇಲರ್ ಓಡಿದ ಮೇಲೆ ಎಸಿಯ ತಾಮ್ರದ ಪೈಪಿನ ಫ್ಲೇರ್ ನಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಕುಲುಕಾಟಕ್ಕೆ ಗ್ಯಾಸ್ ಸೋರುವುದು ಅಲ್ಲಿಂದಲೇ. ಬ್ಯಾಸಿಗಿಯ ಬಿರುಗಾಳಿ ಮಳೆ ಹೇಳಿ ಬರುವುದಿಲ್ಲ. ನೆಲದ ಚೌಕಟ್ಟಿನ ಕಾಲಿಗೆ ಮರಳು ಚೀಲ ಕಟ್ಟಿ, ಮೋಡ ಕಪ್ಪಾದರೆ ಪ್ಯಾನೆಲ್ ಮಲಗಿಸಿ.

ಎರಡನೆಯ ದಿನ ಶೇ. 10ರಿಂದ ಹೊರಟ ಬ್ಯಾಟರಿ ಎಸಿ ಓಡುತ್ತಿದ್ದಂತೆಯೇ ನಾಲ್ಕೂವರೆಗೆ ಶೇ. 65 ಏರಿತು. ಸಂಜೆಯ ಎಳೆತ 700 ವ್ಯಾಟ್‌ಗೆ ಇಳಿದಿತ್ತು. ಎಂಟೂವರೆಗೆ ಶೇ. 43. ನಸುಕಿನ ಐದೂವರೆಗೆ ಶೇ. 15 ಉಳಿದಿತ್ತು, ಎಸಿ ಇನ್ನೂ ಓಡುತ್ತಿತ್ತು. ಅದನ್ನು ಆರಿಸಿ, ಕಿಟಕಿ ತೆರೆದು, ಬಿಸಿಲೇರುವ ಮೊದಲು ಗಾಜಿನ ಮೇಲಿನ ಕರಿಮಣ್ಣಿನ ದೂಳು ಒರೆಸಲು ಒದ್ದೆ ಬಟ್ಟೆ ಹಿಡಿದು ಛಾವಣಿ ಹತ್ತಿದೆವು.