ಕುದುರೆಯ ಮೇಲಿದ್ದವಳು, ಅನುಬಂಧದಲ್ಲಿ ಉಳಿದವಳು

1937ರಲ್ಲಿ ಪ್ರಕಟವಾದ ಟೋಲ್ಕಿನ್ನರ ‘ದಿ ಹಾಬಿಟ್’ ಕಾದಂಬರಿಯಲ್ಲಿ ಹೆಸರು ಹಿಡಿದು ಉಲ್ಲೇಖಿಸಲಾದ ಹೆಣ್ಣು ಒಬ್ಬಳೇ. ಅವಳು ನಾಯಕ ಬಿಲ್ಬೋನ ತಾಯಿ ಬೆಲಡೋನಾ ಟುಕ್. ಕಥೆ ಆರಂಭವಾಗುವ ಹೊತ್ತಿಗೆ ಅವಳೂ ತೀರಿಕೊಂಡಿದ್ದಾಳೆ. ಡ್ವಾರ್ಫ್ ಎಂಬ 13 ಗಡ್ಡದ ಕುಳ್ಳರು, ಒಬ್ಬ ಮಾಂತ್ರಿಕ, ಹಾಬಿಟ್ ಎಂಬ ಪುಟ್ಟ ಜನಾಂಗದ ಬಿಲ್ಬೋ, ಒಂದು ಡ್ರ್ಯಾಗನ್, ಕೊನೆಗೆ ಐದು ಸೈನ್ಯಗಳು ಬಂದು ಹೋದರೂ ಹೆಣ್ಣಿನ ದನಿ ಎಲ್ಲಿಯೂ ಕೇಳಿಸುವುದಿಲ್ಲ. ಓದುವಾಗ ಈ ಕೊರತೆ ನನ್ನ ಗಮನಕ್ಕೇ ಬಂದಿರಲಿಲ್ಲ. ಆದರೆ ಪುಟದಲ್ಲಿ ಮರೆಯಾಗಿರುವುದನ್ನು ತೆರೆ ಮರೆಮಾಡುವುದಿಲ್ಲ. ಅದೇ ಕಥೆ ಮೂರು ಚಿತ್ರಗಳಾಗಿ, ಸುಮಾರು ಎಂಟು ಗಂಟೆ ಕಣ್ಣ ಮುಂದೆ ಹರಿಯುವಾಗ ಗಡ್ಡಗಳ ನಡುವೆ ಇನ್ನೊಂದು ಮುಖವನ್ನು ಕಣ್ಣು ತಾನಾಗಿ ಹುಡುಕುತ್ತದೆ.

ಆದ್ದರಿಂದ ನಿರ್ದೇಶಕ ಪೀಟರ್ ಜಾಕ್ಸನ್ ಮತ್ತು ಅವರ ಸಹಲೇಖಕರು 2013ರ ಎರಡನೆಯ ಚಿತ್ರದಲ್ಲಿ ಎಲ್ಫ್ ಎಂಬ ಅಮರ ಜನಾಂಗದ ಯೋಧೆ ಟೌರಿಯೆಲ್‌ಳನ್ನು ಹೊಸದಾಗಿ ಸೃಷ್ಟಿಸಿದ್ದರ ಬಗ್ಗೆ ನನಗೆ ತಾತ್ವಿಕವಾದ ಆಕ್ಷೇಪವೇನೂ ಇಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದೆಂಬ ವಾದವನ್ನು ಹಿಡಿದು ಹೊರಟರೆ ಯಾವ ರೂಪಾಂತರವೂ ಉಳಿಯುವುದಿಲ್ಲ. ಅವಳಿಗೆ ಕಥೆಯೊಳಗೆ ಏನು ಕೆಲಸ ಕೊಟ್ಟಿದ್ದಾರೆ, ಅವಳ ಯಾವ ನಿರ್ಧಾರದಿಂದ ಕಥೆ ದಿಕ್ಕು ಬದಲಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಚಿತ್ರದ ಒಂದು ಹಂತದವರೆಗೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವೇ ಸಿಗುತ್ತದೆ. ಟೌರಿಯೆಲ್ ಕಾವಲು ಪಡೆಯ ನಾಯಕಿ. ಕಾಡಿನ ಗಡಿಯಾಚೆಗೆ ಏನಾದರೂ ಆಗಲಿ, ನಮಗೇಕೆ ಎನ್ನುವ ರಾಜ ಥ್ರಾಂಡುಯಿಲ್‌ನ ನೀತಿಯನ್ನು ಅವಳು ಒಪ್ಪುವುದಿಲ್ಲ. ನಾವೂ ಈ ಲೋಕದವರೇ ಅಲ್ಲವೇ ಎಂದು ರಾಜನ ಮಗ ಲೆಗೊಲಸ್‌ನನ್ನು ಕೇಳುತ್ತಾಳೆ. ಇಡೀ ಚಿತ್ರಸರಣಿಯಲ್ಲಿ ಎಲ್ಫ್‌ಗಳ ಅಹಂಕಾರವನ್ನು ಒಳಗಿನಿಂದಲೇ ಪ್ರಶ್ನಿಸುವ ಪಾತ್ರ ಅವಳದು, ಮತ್ತು ಕಾದಂಬರಿಗೆ ಆ ಪ್ರಶ್ನೆ ಹೊರಗಿನದೂ ಅಲ್ಲ. ಅಷ್ಟನ್ನೇ ಬೆಳೆಸಿದ್ದರೆ ಸಾಕಿತ್ತು. ಆದರೆ ಅವಳು ಗಡಿ ದಾಟುವುದಕ್ಕೆ ಡ್ವಾರ್ಫ್ ಯುವಕ ಕೀಲಿಯ ಮೇಲಿನ ಒಲವನ್ನೂ ಕಾರಣವಾಗಿ ಜೋಡಿಸಿ, ಅದರ ಪಕ್ಕದಲ್ಲಿ ಲೆಗೊಲಸ್‌ನ ಮೂಕ ಪ್ರೇಮವನ್ನೂ ಇಟ್ಟು, ರಾಜನ ನೀತಿಯ ವಿರುದ್ಧ ಎದ್ದ ದನಿಯನ್ನು ತ್ರಿಕೋನ ಪ್ರೇಮದ ಒಂದು ಮೂಲೆಯನ್ನಾಗಿ ಮಾಡಿದರು. ತ್ರಿಕೋನ ಪ್ರೇಮ ಇರಕೂಡದೆಂಬ ಷರತ್ತಿನ ಮೇಲೆಯೇ ತಾನು ಪಾತ್ರವನ್ನು ಒಪ್ಪಿಕೊಂಡಿದ್ದಾಗಿಯೂ, ಮರುಚಿತ್ರೀಕರಣದ ಹೊತ್ತಿಗೆ ಅದು ಬಂದು ಸೇರಿತೆಂದೂ ನಟಿ ಇವ್ಯಾಂಜಲೀನ್ ಲಿಲ್ಲಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಚಾಳಿ ಒಂದೇ ಚಿತ್ರಕ್ಕೆ ಸೀಮಿತವಲ್ಲ. ಸಿ. ಎಸ್. ಲೂಯಿಸ್‌ರ ‘ಪ್ರಿನ್ಸ್ ಕ್ಯಾಸ್ಪಿಯನ್’ ಕಾದಂಬರಿಯಲ್ಲಿ ಯುದ್ಧದಿಂದ ದೂರವಿದ್ದ ಸೂಸನ್, 2008ರ ಚಿತ್ರದಲ್ಲಿ ಬಿಲ್ಲು ಹಿಡಿದು ಮುಂಚೂಣಿಗೆ ಬಂದಳು. ಜೊತೆಗೆ ರಾಜಕುಮಾರನಿಗೊಂದು ವಿದಾಯದ ಮುತ್ತನ್ನೂ ಕೊಡಬೇಕಾಯಿತು. ಹೆಣ್ಣಿನ ಕೈಗೆ ಆಯುಧ ಕೊಟ್ಟ ಚಿತ್ರಕಥೆಗಾರರಿಗೆ ಅದರ ಬಾಬತ್ತು ಪ್ರೇಮದಲ್ಲಿ ವಸೂಲಾಗದ ಹೊರತು ಸಮಾಧಾನವಿಲ್ಲವೇನೋ.

ಪಾತ್ರವನ್ನು ಸೃಷ್ಟಿಸುವ ಬದಲು ಇರುವವಳ ಪಾಲನ್ನು ಹೆಚ್ಚಿಸುವುದು ಇನ್ನೊಂದು ದಾರಿ. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಎಲ್ಫ್ ಕನ್ಯೆ ಆರ್ವೆನ್ ಹೆಚ್ಚು ಮಾತಾಡುವವಳಲ್ಲ, ಅವಳ ಪ್ರೇಮಕಥೆ ಇರುವುದು ಕಾದಂಬರಿಯ ಕೊನೆಯಲ್ಲಿ ಸೇರಿಸಿದ ಅನುಬಂಧದ ಪುಟಗಳಲ್ಲಿ. ಗಾಯಗೊಂಡ ಕಥಾನಾಯಕ ಫ್ರೋಡೋನ ನೆರವಿಗೆ ಕಾದಂಬರಿಯಲ್ಲಿ ಬರುವವನು ಗ್ಲಾರ್‌ಫಿಂಡೆಲ್ ಎಂಬ ಎಲ್ಫ್ ವೀರ. 1978ರ ಆ್ಯನಿಮೇಷನ್ ಚಿತ್ರ ಈ ಕೆಲಸವನ್ನು ಲೆಗೊಲಸ್‌ಗೆ ವಹಿಸಿದರೆ, 2001ರ ಚಿತ್ರ ಆರ್ವೆನ್‌ಗೆ ವಹಿಸಿತು. ಮುಂದೆ ದೊಡ್ಡ ಪಾತ್ರವಿಲ್ಲದ ಒಬ್ಬನನ್ನು ಬಿಟ್ಟು, ಮುಂದೆ ಬೇಕಾಗುವವಳನ್ನು ಆಗಲೇ ಪರಿಚಯಿಸುವುದು ಚಿತ್ರಕಥೆಯ ಲೆಕ್ಕದಲ್ಲಿ ಜಾಣತನವೇ ಸರಿ. ಆದರೆ ಈ ಬದಲಾವಣೆಗೆ ತೆತ್ತ ಬೆಲೆಯೂ ಉಂಟು. ಕಾದಂಬರಿಯಲ್ಲಿ ಫ್ರೋಡೋ ಕುದುರೆಯ ಮೇಲೆ ಒಬ್ಬನೇ ಹೊಳೆ ದಾಟುತ್ತಾನೆ; ಸಾಯುವಷ್ಟು ನಿತ್ರಾಣನಾಗಿದ್ದರೂ ಹಿಂದಿರುಗಿ ನಿಂತು, ಕತ್ತಿಯೆತ್ತಿ, ಬೆನ್ನಟ್ಟಿ ಬಂದ ಒಂಬತ್ತು ಸವಾರರಿಗೆ ಸವಾಲು ಹಾಕುತ್ತಾನೆ. ಚಿತ್ರದಲ್ಲಿ ಕತ್ತಿ ಎತ್ತುವವಳು ಆರ್ವೆನ್; ಫ್ರೋಡೋ ಅವಳ ತೆಕ್ಕೆಯಲ್ಲಿ ಮೂಟೆಯಂತೆ ಬಿದ್ದಿರುತ್ತಾನೆ. ಅವಳ ಧೈರ್ಯಕ್ಕೆ ಜಾಗ ಮಾಡಲು ಅವನ ಧೈರ್ಯವನ್ನು ಕಿತ್ತುಕೊಳ್ಳಬೇಕಿತ್ತೇ? ಇಬ್ಬರೂ ಒಂದೇ ಕುದುರೆಯ ಮೇಲಿದ್ದರು. ಎರಡು ಕತ್ತಿಗಳಿಗೂ ಅಲ್ಲಿ ಜಾಗವಿತ್ತು ಎಂದೇ ನನಗೆ ಅನಿಸುತ್ತದೆ. ಹೆಲ್ಮ್ಸ್ ಡೀಪ್ ಕಾಳಗದಲ್ಲಿಯೂ ಆರ್ವೆನ್ ಹೋರಾಡುವ ದೃಶ್ಯಗಳನ್ನು ಚಿತ್ರೀಕರಿಸಿ, ಬಳಿಕ ಕೈಬಿಟ್ಟರು. ಅದು ಸರಿಯಾದ ನಿರ್ಧಾರ. ಆ ಸರಣಿಗೆ ಬೇಕಾದ ಯೋಧೆ ಎಓವಿನ್‌ಳನ್ನು ಟೋಲ್ಕಿನ್ನರೇ ಬರೆದಿಟ್ಟಿದ್ದರು.

ನನಗೆ ಹೆಚ್ಚು ಹಿಡಿಸುವುದು ಮೂರನೆಯ ದಾರಿ, ಅಂದರೆ ಮೂಲ ಲೇಖಕನೇ ಅಂಚಿನಲ್ಲಿ ನಿಲ್ಲಿಸಿ ಮರೆತವಳನ್ನು ಒಳಗೆ ಕರೆಯುವುದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಅನುಬಂಧದಲ್ಲಿ ರಾಜ ಹೆಲ್ಮ್‌ನಿಗೆ ಮಗಳೊಬ್ಬಳಿದ್ದಾಳೆ. ಅವಳನ್ನು ತನ್ನ ಮಗನಿಗೆ ಕೇಳಿದ ಸಾಮಂತನೊಬ್ಬ ಹೆಲ್ಮ್‌ನ ಗುದ್ದಿಗೆ ಸಾಯುತ್ತಾನೆ, ಅದರಿಂದ ಒಂದು ಯುದ್ಧವೇ ಹುಟ್ಟುತ್ತದೆ. ಇಷ್ಟಾದರೂ ಅವಳಿಗೊಂದು ಹೆಸರಿಲ್ಲ. 2024ರ ‘ದಿ ವಾರ್ ಆಫ್ ದಿ ರೋಹಿರಿಮ್’ ಅವಳಿಗೆ ಹೇರಾ ಎಂದು ಹೆಸರಿಟ್ಟು ಕಥೆಯ ನಡುವೆ ತಂದು ನಿಲ್ಲಿಸಿತು. ತನ್ನ ಮದುವೆಯ ವಿಷಯಕ್ಕೆ ಹೊತ್ತಿಕೊಂಡ ಯುದ್ಧದ ಬಗ್ಗೆ ಅವಳಿಗೆ ಏನನ್ನಿಸಿತೆಂದು ಕೇಳುವ ಹಕ್ಕು ಯಾವ ಓದುಗನಿಗಾದರೂ ಇದ್ದೇ ಇತ್ತು.

‘ದಿ ಹಾಬಿಟ್’ಗೂ ಇಂಥ ಅವಕಾಶವಿತ್ತು. ಡ್ವಾರ್ಫ್ ಹೆಂಗಸರು ಪ್ರಯಾಣದ ಉಡುಪಿನಲ್ಲಿದ್ದರೆ ದನಿಯಲ್ಲಾಗಲಿ ಚಹರೆಯಲ್ಲಾಗಲಿ ಗಂಡಸರಿಂದ ಬೇರೆಯಾಗಿ ಕಾಣುವುದಿಲ್ಲವೆಂದು ಅದೇ ಅನುಬಂಧ ಹೇಳುತ್ತದೆ. ಅಲ್ಲಿ ಹೆಸರಿರುವ ಡ್ವಾರ್ಫ್ ಹೆಣ್ಣು ಡೀಸ್ ಒಬ್ಬಳೇ. ಅವಳು ಡ್ವಾರ್ಫ್‌ಗಳ ನಾಯಕ ಥೋರಿನ್‌ನ ತಂಗಿ, ದಂಡಯಾತ್ರೆಗೆ ಹೊರಟ ಫೀಲಿ ಮತ್ತು ಕೀಲಿಯರ ತಾಯಿ. ಮೊನ್ನೆ ಎರಡನೆಯ ಚಿತ್ರವನ್ನು ಮತ್ತೆ ನೋಡುವಾಗ ಸೆರೆಮನೆಯ ದೃಶ್ಯದ ಬಳಿ ನಿಲ್ಲಿಸಿದೆ. ಕೀಲಿಯ ಕೈಯಲ್ಲಿ ಅಕ್ಷರ ಕೆತ್ತಿದ ಪುಟ್ಟ ಕಲ್ಲೊಂದಿದೆ. ಮರಳಿ ಬರುತ್ತೇನೆಂಬ ಮಾತು ನೆನಪಿರಲೆಂದು ತಾಯಿ ಕೊಟ್ಟದ್ದು ಎಂದು ಅವನು ಟೌರಿಯೆಲ್‌ಗೆ ಹೇಳುತ್ತಾನೆ. ಮೂರನೆಯ ಚಿತ್ರದಲ್ಲಿ ಆ ಕಲ್ಲನ್ನು ಅವಳ ಕೈಗಿಟ್ಟು ಹೋಗಿ, ಯುದ್ಧದಲ್ಲಿ ಸಾಯುತ್ತಾನೆ, ಅವನ ಅಣ್ಣ ಫೀಲಿಯೂ ಸಾಯುತ್ತಾನೆ. ಟೌರಿಯೆಲ್‌ಳ ಕಣ್ಣೀರನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಇಬ್ಬರು ಮಕ್ಕಳನ್ನೂ ಅಣ್ಣ ಥೋರಿನ್‌ನನ್ನೂ ಒಂದೇ ದಿನ ಕಳೆದುಕೊಂಡ ಡೀಸ್‌ಗೆ ಸುದ್ದಿ ಮುಟ್ಟಿಸಲು ಮಾತ್ರ ಚಿತ್ರದಲ್ಲಿ ಯಾರೂ ಹೊರಡುವುದಿಲ್ಲ.