ಚರ್ಚಿನವರಿಗೆ ಚಿತ್ರಶಾಲೆ ಏಕೆ?

ದಾವಣಗೆರೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುವ ನನ್ನನ್ನು ಪೋಷಕರೂ ಸ್ನೇಹಿತರೂ ಆಗಾಗ ಕೇಳುವುದುಂಟು: ಕ್ರೈಸ್ತ ಸೇವಾಸಂಸ್ಥೆಯೊಂದು ಟಿಕೆಟ್ಟಿಲ್ಲದ ಚಿತ್ರಶಾಲೆ ನಡೆಸುತ್ತದೆಂದರೆ ಅದು ಮತಕ್ಕೆ ಸೆಳೆಯುವ ಉಪಾಯವಲ್ಲವೇ? ಅಲ್ಲವಾದರೆ, ಆ ಹಣದಲ್ಲಿ ಬಡವರಿಗೆ ಅನ್ನ ಹಾಕಬಾರದೇ?

ಅನುಮಾನ ಸಹಜವೇ. ಉತ್ತರವಾಗಿ ನಾನು ಲಂಡನ್ನಿನ ವೈಟ್‌ಚಾಪೆಲ್ ಚಿತ್ರಶಾಲೆ ಹುಟ್ಟಿದ ಬಗೆಯನ್ನು ಹೇಳುತ್ತೇನೆ. ಅಲ್ಲಿನ ಸೇಂಟ್ ಜೂಡ್ ಚರ್ಚಿನ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟ್ಟಾ, ಬಂದರಿನ ಕೂಲಿಗಳೂ ದರ್ಜಿಗಳೂ ವಲಸೆ ಬಂದ ಯಹೂದಿಗಳೂ ಕಿಕ್ಕಿರಿದು ಬದುಕುತ್ತಿದ್ದ ಆ ಬಡಾವಣೆಯಲ್ಲಿ, 1881ರ ಈಸ್ಟರ್ ಹೊತ್ತಿಗೆ ಚರ್ಚಿನ ಶಾಲಾ ಕೊಠಡಿಗಳಲ್ಲಿಯೇ ಚಿತ್ರಪ್ರದರ್ಶನ ಆರಂಭಿಸಿದರು. ಜಿ. ಎಫ್. ವಾಟ್ಸ್ ಅವರಂತಹ ಹೆಸರಾಂತ ಕಲಾವಿದರು ತಮ್ಮ ಚಿತ್ರಗಳನ್ನು ಎರವಲು ಕೊಟ್ಟರು. ಒಳ್ಳೆಯ ಚಿತ್ರ ಮನುಷ್ಯನ ಮನಸ್ಸನ್ನು ದೇವರತ್ತ ತಿರುಗಿಸಬಲ್ಲದೆಂಬ ತಮ್ಮ ನಂಬಿಕೆಯನ್ನು ಬಾರ್ನೆಟ್ ಮುಚ್ಚಿಡಲಿಲ್ಲ. ಆದರೂ ಭಾನುವಾರ ಪ್ರದರ್ಶನ ತೆರೆದದ್ದಕ್ಕೆ ಅವರನ್ನು ಕಟುವಾಗಿ ವಿರೋಧಿಸಿದವರು ಸ್ವಧರ್ಮೀಯರೇ. ದುಡಿಯುವವರಿಗೆ ಬಿಡುವಿರುವುದು ಅದೊಂದೇ ದಿನವೆಂದು ಬಾರ್ನೆಟ್ ಪಟ್ಟು ಸಡಿಲಿಸಲಿಲ್ಲ. ಹತ್ತಿ ಗಿರಣಿಗಳ ಪಾಳಿಯ ನಡುವೆ ಬೆಳೆದ ನಮ್ಮ ಊರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

1901ರಲ್ಲಿ ಚಿತ್ರಶಾಲೆಗೆ ಸ್ವಂತ ಕಟ್ಟಡವಾಯಿತು. ಹದಿಮೂರು ವರ್ಷಗಳ ತರುವಾಯ, 1914ರಲ್ಲಿ, ಅಲ್ಲಿ ನಡೆದ ಆಧುನಿಕ ಕಲೆಯ ಪ್ರದರ್ಶನದಲ್ಲಿ ಯಹೂದಿ ಕಲಾವಿದರಿಗೇ ಒಂದು ವಿಭಾಗ ಮೀಸಲಾಗಿತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಬಾಂಬರ್ಗ್ ಅದೇ ಬೀದಿಗಳಲ್ಲಿ ಬೆಳೆದ, ವಲಸೆ ಕುಟುಂಬದ ಹುಡುಗ. ಪಾದ್ರಿಯೊಬ್ಬರ ಶ್ರಮದಿಂದ ಎದ್ದ ಗೋಡೆ ಅನ್ಯಧರ್ಮೀಯರ ಚಿತ್ರಗಳಿಗೆ ಜಾಗ ಕೊಟ್ಟಿತು. ಮತಾಂತರದ ಅನುಮಾನಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಅನ್ನದ ಪ್ರಶ್ನೆಗೆ ಉತ್ತರ ಇಲ್ಲಿಯೇ ಹತ್ತಿರದಲ್ಲಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೇ ರಂಗಮಂದಿರ ಕಟ್ಟಿ, 1997ರಿಂದ ಶಿವಸಂಚಾರ ತಂಡದ ನಾಟಕಗಳನ್ನು ಊರೂರಿಗೆ ಕಳಿಸುತ್ತಿದೆ. ಆ ಹಣವೆಲ್ಲ ದಾಸೋಹಕ್ಕೇ ಹೋಗಬೇಕಿತ್ತೆಂದು ಯಾರೂ ಆಕ್ಷೇಪಿಸಿದ್ದನ್ನು ನಾನು ಕೇಳಿಲ್ಲ. ಮಠಕ್ಕೆ ಸಲ್ಲುವ ಈ ಗೌರವ ಚರ್ಚಿಗೂ ಸಲ್ಲಬೇಕು.

ಉಚಿತವೇ ಏಕೆ ಎನ್ನುವವರೂ ಇದ್ದಾರೆ. ಟಿಕೆಟ್ ಕೊಂಡವರು ಕೊಟ್ಟ ಹಣಕ್ಕೆ ತಕ್ಕಂತೆ ಎಲ್ಲವನ್ನೂ ನೋಡಿ ಮುಗಿಸಲು ಅವಸರಪಡುತ್ತಾರೆ. ಟಿಕೆಟ್ ಇಲ್ಲದಿದ್ದರೆ ಸಂತೆಗೆ ಬಂದ ಹೆಣ್ಣುಮಗಳೊಬ್ಬಳು ಹತ್ತು ನಿಮಿಷ ಒಳಗೆ ಬಂದು, ಒಂದೇ ಚಿತ್ರದ ಮುಂದೆ ನಿಂತು, ಮುಂದಿನ ವಾರ ಮಕ್ಕಳನ್ನೂ ಕರೆತರಬಹುದು. ಕಾವಲು, ದೀಪ, ಚೌಕಟ್ಟುಗಳ ಖರ್ಚನ್ನು ದಾನಿಗಳು ಹೊರಲೇಬೇಕು, ಅದು ಚಿಕ್ಕದಲ್ಲ.

ನಮ್ಮ ದೃಶ್ಯಕಲಾ ಕಾಲೇಜು 1964ರಿಂದ ಕಲಾವಿದರನ್ನು ರೂಪಿಸುತ್ತಿದೆ. ಇಲ್ಲಿನ ಯಾವುದೇ ಚರ್ಚು ಅಥವಾ ಮಠ ತನ್ನ ಸಭಾಂಗಣವನ್ನು ಭಾನುವಾರ ಸಂಜೆ ಅವರ ಚಿತ್ರಗಳಿಗಾಗಿ ತೆರೆದರೆ, ಬಂದವರಿಗೆ ವಿವರಿಸಲು ನಾನು ಸಿದ್ಧನಿದ್ದೇನೆ.