ಮಂಡಿ ಬಗ್ಗಿಸಲು ಕಲಿತು ಬಕೆಟ್ ಹಿಡಿದ ದಿನ

ನಮ್ಮ ಕುದುರೆ ಸವಾರಿ ಸ್ಪರ್ಧೆಗೆ ಬ್ರಿಟನ್ನಿನ ರಾಜಕುಮಾರಿ ಬರುವವರಿದ್ದರು. ಅವರಿಗೆ ವಂದಿಸಲೆಂದು ಮೂರು ದಿನದಿಂದ ಕನ್ನಡಿ ಮುಂದೆ ನಿಂತು, ಒಂದು ಕಾಲು ಹಿಂದಿಟ್ಟು ಮಂಡಿ ಬಗ್ಗಿಸುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅದೇನೂ ಕಡ್ಡಾಯವಲ್ಲ, ಸುಮ್ಮನೆ ನಿಂತರೂ ಯಾರೂ ಗದರುವುದಿಲ್ಲ ಎಂದು ನಮ್ಮ ಗುಂಪಿನ ಹಿರಿಯ ಹೆಂಗಸೊಬ್ಬರು ಹೇಳಿದ್ದರು. ಮಾತಾಡಿಸಿದರೆ ಮೊದಲು 'ಯುವರ್ ರಾಯಲ್ ಹೈನೆಸ್', ಆಮೇಲೆ ಬರೀ 'ಮ್ಯಾಮ್'. ಅದೂ 'ಮಾಮ್' ಅಲ್ಲ, 'ಜ್ಯಾಮ್' ಅಂದ ಹಾಗೆ ಮ್ಯಾಮ್. ನಮ್ಮನೆಯವರು ನೋಡಿ ನಕ್ಕರು. “ರಿಬ್ಬನ್ ಹಂಚೋಕೆ ಬರೋರಿಗೆ ಇಷ್ಟೊಂದು ತಾಲೀಮು ಬೇಕಾ?”

ನಿಜ ಹೇಳಬೇಕೆಂದರೆ ನನ್ನೊಳಗೂ ಅದೇ ಪ್ರಶ್ನೆ ಇತ್ತು.

2024ರ ಜುಲೈ 12, ಶುಕ್ರವಾರ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಹಾರ್ಟ್‌ಪುರಿಯಲ್ಲಿ ಆರ್‌ಡಿಎ ರಾಷ್ಟ್ರೀಯ ಸ್ಪರ್ಧೆ. ಆರ್‌ಡಿಎ ಅಂದರೆ ರೈಡಿಂಗ್ ಫಾರ್ ದ ಡಿಸೇಬಲ್ಡ್ ಅಸೋಸಿಯೇಷನ್, ಅಂಗವೈಕಲ್ಯ ಇರುವವರನ್ನು ಕುದುರೆ ಹತ್ತಿಸುವ ಸಂಸ್ಥೆ. ನಾನು ಅಲ್ಲಿ ಸೈಡ್ ವಾಕರ್. ಒಬ್ಬರು ಮುಂದೆ ಹಗ್ಗ ಹಿಡಿದು ಕುದುರೆ ನಡೆಸಿದರೆ, ನಾವಿಬ್ಬರು ಎರಡೂ ಬದಿಗೆ, ಸವಾರರ ಮೊಣಕಾಲಿನ ಹತ್ತಿರ ಕೈಯಿಟ್ಟು ಜೊತೆಗೆ ನಡೆಯುವುದು. ಸಂಬಳವಿಲ್ಲ, ಬಟ್ಟೆಯೆಲ್ಲ ಕುದುರೆ ಕೂದಲು. ನಾನು ನೋಡಿಕೊಳ್ಳುವ ಹುಡುಗಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ. ಕುದುರೆ ನಿಧಾನ ನಡೆದಾಗ ಅದರ ಬೆನ್ನು ಸವಾರರ ಸೊಂಟವನ್ನು ಆಡಿಸುವ ರೀತಿ, ನಾವು ನಡೆಯುವಾಗ ಸೊಂಟ ಆಡುವ ರೀತಿಯಂತೆಯೇ ಇರುತ್ತದೆ. ಮೊದಲ ವಾರಗಳಲ್ಲಿ ಅವಳು ಗೋಣಿಚೀಲದ ಹಾಗೆ ಒಂದು ಕಡೆಗೆ ವಾಲುತ್ತಿದ್ದಳು. ಈಗ ನನ್ನ ಕೈ ಅವಳ ಕಾಲ ಮೇಲೆ ಬರೀ ಹೆಸರಿಗೆ ಇರುತ್ತದೆ.

ಬರುವವರು ಪ್ರಿನ್ಸೆಸ್ ಆ್ಯನ್, ದೊರೆ ಚಾರ್ಲ್ಸ್ ಅವರ ತಂಗಿ. ರಾಜಕುಮಾರಿ ಅಂದರೆ ನಮ್ಮ ಕಣ್ಣಮುಂದೆ ಬರುವುದು ಅಜ್ಜಿ ಕಥೆಯ ಹದಿಹರೆಯದವಳು. ಇವರಿಗೆ ಆಗ 73. ಹುಟ್ಟಿದ್ದು 1950ರ ಆಗಸ್ಟ್ 15ರಂದು, ಹೆಸರಿನ ಜೊತೆ ತಳುಕು ಹಾಕಿಕೊಂಡ ಸಂಸ್ಥೆಗಳು 300ಕ್ಕೂ ಹೆಚ್ಚು. ಮಕ್ಕಳಿಗೆ ನೆರವಾಗುವ ಸೇವ್ ದ ಚಿಲ್ಡ್ರನ್ ಸಂಸ್ಥೆಯ ಜೊತೆಗಿನ ನಂಟು 1970ರಿಂದ, ಆರ್‌ಡಿಎಗೆ ಅಧ್ಯಕ್ಷೆಯಾಗಿದ್ದು 1985ರಲ್ಲಿ. ಬರೀ ಹೆಸರಿಗೆ ಕೂತ ಅಧ್ಯಕ್ಷೆಯಲ್ಲ, ಕುದುರೆ ಗೊತ್ತಿರುವವರು: 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಸವಾರಿ ಮಾಡಿದ್ದಾರೆ.

ಆದರೆ ಅವತ್ತು ಎಲ್ಲರ ಬಾಯಲ್ಲಿ ಇದ್ದದ್ದು ಒಲಿಂಪಿಕ್ಸ್ ಅಲ್ಲ, ಅವರ ತಲೆ. ಜೂನ್ 23ರಂದು ತಮ್ಮ ಗ್ಯಾಟ್‌ಕೊಂಬ್ ಎಸ್ಟೇಟಿನಲ್ಲಿ ತಲೆಗೆ ಪೆಟ್ಟಾಗಿ, ನಮ್ಮ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲೇ ಐದು ರಾತ್ರಿ ಇದ್ದರು. ಕುದುರೆಯ ತಲೆಯೋ ಕಾಲೋ ಬಡಿದಿರಬೇಕು ಎಂದಿತ್ತು ಸುದ್ದಿ. ಜಪಾನ್ ಚಕ್ರವರ್ತಿಯ ಔತಣಕೂಟವೂ ತಪ್ಪಿತು, ಕೆನಡಾ ಪ್ರವಾಸವೂ ತಪ್ಪಿತು. ಚೇತರಿಸಿಕೊಂಡು ಮತ್ತೆ ಜನರ ಮುಂದೆ ಬರಲು ಆರಿಸಿಕೊಂಡ ಮೊದಲ ಜಾಗ ನಮ್ಮ ಮೈದಾನ. ಕುದುರೆ ಬಡಿದವರು ಎದ್ದು ನೇರ ಕುದುರೆಗಳ ನಡುವೆಯೇ ಬಂದರಲ್ಲ! ನನಗೆ ಅಲ್ಲೇ ಸ್ವಲ್ಪ ಗೌರವ ಹುಟ್ಟಿತು.

ಹಾಗಾಗಿ ಕ್ಯಾಮೆರಾಗಳು ಬಂದವು. ಬೇರೆ ವರ್ಷಗಳಲ್ಲಿ ಇಲ್ಲಿ ಫೋಟೊ ತೆಗೆಯುವವರು ಅಪ್ಪ ಅಮ್ಮಂದಿರು. ಅವತ್ತು ಉದ್ದುದ್ದ ಲೆನ್ಸ್‌ನವರು ಬೇಲಿಗೆ ಅಂಟಿಕೊಂಡಿದ್ದರು. ಅವರಿಗೆ ಬೇಕಿದ್ದದ್ದು ರಾಜಮನೆತನದ ಒಂದು ತಲೆ. ಆದರೆ ಆ ತಲೆಯ ಪಕ್ಕದಲ್ಲಿ ಪ್ರತಿ ಚಿತ್ರಕ್ಕೂ ಒಬ್ಬ ಸವಾರ, ಒಂದು ಕುದುರೆ ಬಂದೇ ಬರುತ್ತಿತ್ತು. ನಮ್ಮನೆಯವರ ಪ್ರಶ್ನೆಗೆ ಉತ್ತರ ಬೇಲಿ ಪಕ್ಕದಲ್ಲೇ ಸಿಕ್ಕಿತು. ದೇಣಿಗೆಯಿಂದ ನಡೆಯುವ ಸಂಸ್ಥೆ ಇದು. ಎಷ್ಟು ಪೋಸ್ಟರ್ ಅಂಟಿಸಿದರೂ ಇಷ್ಟು ಕ್ಯಾಮೆರಾ ಬರುತ್ತಿರಲಿಲ್ಲ.

ನಾನು ಅವರನ್ನು ಎಷ್ಟು ನೋಡಿದೆ? ಬೆನ್ನು, ಅಷ್ಟೇ. ಅವರು ನಮ್ಮ ಸಾಲಿನತ್ತ ತಿರುಗುವ ಹೊತ್ತಿಗೆ ಸರಿಯಾಗಿ ನಮ್ಮ ಕುದುರೆ ನೀರಿನ ಬಕೆಟ್ಟನ್ನು ಒದ್ದು ಉರುಳಿಸಿತು. “ಬೇಗ ತುಂಬಿಸಿಕೊಂಡು ಬಾ” ಅಂದರು ಹಗ್ಗ ಹಿಡಿದವರು. ನಲ್ಲಿಯ ಹತ್ತಿರ ನಿಂತು, ಬಕೆಟ್ ತುಂಬುವುದನ್ನೇ ನೋಡುತ್ತಾ, ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿಕೊಂಡೆ. ಒದ್ದೆ ಬೂಟಿನಲ್ಲಿ ಓಡಿ ಬಂದಾಗ ಗುಂಪು ಮುಂದೆ ಸಾಗಿತ್ತು. ಕಲಿತ ಮಂಡಿ ಬಗ್ಗಿಸಿದ್ದು ಬಕೆಟ್ ಕೆಳಗಿಡುವಾಗ.

ಅವರು ಇದ್ದದ್ದು ಸ್ವಲ್ಪ ಹೊತ್ತು. ಹೊರಟ ಮೇಲೆ ಲೆನ್ಸ್‌ಗಳೂ ಬ್ಯಾಗು ಸೇರಿದವು. ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಹುಡುಗಿಯ ಸರದಿ ಬಂದಾಗ ಬೇಲಿ ಹತ್ತಿರ ಅವಳ ತಂದೆ ತಾಯಿ, ಬೇರೆ ಗುಂಪಿನ ನಾಲ್ಕು ಜನ, ಒಂದು ನಾಯಿ.

ಅವಳದು ಕಂಟ್ರಿಸೈಡ್ ಚಾಲೆಂಜ್. ಹಳ್ಳಿ ದಾರಿಯಲ್ಲಿ ಸವಾರಿ ಹೊರಟ ಹಾಗೆ ಅಲ್ಲಲ್ಲಿ ಅಡೆತಡೆ ಇಟ್ಟಿರುತ್ತಾರೆ. ಒಂದು ಕಡೆ ಕುದುರೆ ನಿಲ್ಲಿಸಿ, ಮೇಲಿಂದಲೇ ಪೋಸ್ಟ್ ಡಬ್ಬಿಗೆ ಕಾಗದ ಹಾಕಬೇಕು. ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಲಕೋಟೆ. ಅವಳ ಬಲಗೈ ಹೇಳಿದ ಮಾತು ಕೇಳುವುದಿಲ್ಲ. ಲಕೋಟೆ ಡಬ್ಬಿಯ ಬಾಯಿಗೆ ತಗುಲಿತು, ಜಾರಿತು, ಮತ್ತೆ ತಗುಲಿತು. ನನ್ನ ಕೈ ತಾನಾಗಿಯೇ ಮೇಲೆದ್ದಿತು; ಅವಳು ತಿರುಗಿ ನೋಡಿದ ನೋಟಕ್ಕೆ ತಾನಾಗಿಯೇ ಕೆಳಗಿಳಿಯಿತು. ಕುದುರೆ ಕಿವಿ ಕೂಡ ಅಲ್ಲಾಡಿಸದೆ ನಿಂತಿತ್ತು. ಮೂರನೆಯ ಸಲಕ್ಕೆ ಲಕೋಟೆ ಒಳಗೆ ಬಿತ್ತು.

ಸಿಕ್ಕಿದ್ದು ನೀಲಿ ರೋಸೆಟ್, ಗೆದ್ದವರಿಗೆ ಕೊಡುವ ರಿಬ್ಬನ್ ಹೂವು. ಇಲ್ಲಿ ಕೆಂಪು ಮೊದಲನೆಯದು, ನೀಲಿ ಎರಡನೆಯದು. ಕೊಟ್ಟವರು ಹೆಸರು ಗೊತ್ತಿಲ್ಲದ ಒಬ್ಬ ಸ್ವಯಂಸೇವಕಿ. ಸಂಜೆ ಲಾರಿಗೆ ಕುದುರೆ ಹತ್ತಿಸುವಾಗ ಹುಡುಗಿಯನ್ನು ಕೇಳಿದೆ, “ಪ್ರಿನ್ಸೆಸ್‌ನ ನೋಡಿದೆಯಾ?”

“ಹೂಂ. ಅವರು ಮೊದಲು ನನ್ನ ಕುದುರೆ ಕಡೆ ನೋಡಿದ್ರು,” ಅಂದಳು. “ನೀನು ಎಲ್ಲಿ ಹೋಗಿದ್ದೆ?”